ಸತ್ತವರ ಮನೆಗಳ ದಾರಿ: ಅನ್ಯಾಂಗ್‌ನಿಂದ ಗ್ವಾಂಗ್‌ಝೌವರೆಗೆ

ಚೀನಾದ ಹಳೆಯ ಸಮಾಧಿಗಳನ್ನು ನೋಡಬೇಕೆಂದು ಹೊರಟವರಲ್ಲಿ ಬಹುಪಾಲು ಜನ ಶಿಯಾನ್‌ಗೆ ಹೋಗಿ, ಮಣ್ಣಿನ ಸೈನಿಕರನ್ನು ನೋಡಿ ಮರಳುತ್ತಾರೆ. ಅದೊಂದನ್ನೇ ನೋಡಿದರೆ ಚೀನಾದ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಅತಿಯಾಸೆ ಕಾಣುತ್ತದೆ, ಅದರ ಹಿಂದಿನ ನಂಬಿಕೆ ಕಾಣುವುದಿಲ್ಲ. ಅದಕ್ಕಿಂತ ಸಾವಿರ ವರ್ಷ ಹಿಂದಿನ ಅನ್ಯಾಂಗ್‌ನ ಗುಂಡಿಯನ್ನೂ, ಆ ಚಕ್ರವರ್ತಿ ಸತ್ತು ಸುಮಾರು ಐವತ್ತು ವರ್ಷಕ್ಕೆ ಮುಚ್ಚಿದ ಚಾಂಗ್ಶಾದ ಶವಪೆಟ್ಟಿಗೆಯನ್ನೂ ಸೇರಿಸಿಕೊಂಡರೆ ಒಂದು ಪ್ರಶ್ನೆ ತಾನಾಗಿಯೇ ಮುಂದೆ ಬರುತ್ತದೆ. ಸತ್ತವರಿಗೆ ನಿಜವಾದ ಪಾತ್ರೆ, ನಿಜವಾದ ಆಳು ಬೇಕೇ? ಅವುಗಳ ಗೊಂಬೆ ಸಾಕೇ? ಈ ದಾರಿಯ ಒಂದೊಂದು ಊರೂ ಇದಕ್ಕೆ ಬೇರೆ ಬೇರೆ ಉತ್ತರ ಕೊಡುತ್ತದೆ.

ದಾರಿ ಬೀಜಿಂಗ್–ಗ್ವಾಂಗ್‌ಝೌ ವೇಗದ ರೈಲು ಮಾರ್ಗದ ಮೇಲೆಯೇ ಇದೆ. ಶಿಯಾನ್‌ಗೆ ಮಾತ್ರ ಝೆಂಗ್‌ಝೌನಲ್ಲಿ ಪಶ್ಚಿಮಕ್ಕೆ ತಿರುಗಬೇಕು. ರೈಲಿಗೂ ಮ್ಯೂಸಿಯಂಗೂ ಪಾಸ್‌ಪೋರ್ಟೇ ಟಿಕೆಟ್ ಇದ್ದಂತೆ. ಹೆಸರು ಮತ್ತು ಸಂಖ್ಯೆ ಕೊಟ್ಟು ಮುಂಗಡ ಕಾದಿರಿಸದಿದ್ದರೆ ಉಚಿತ ಪ್ರವೇಶದ ಕಡೆಯಲ್ಲೂ ಬಾಗಿಲಲ್ಲೇ ತಡೆಯುತ್ತಾರೆ. ಹುಬೇ, ಹುನಾನ್, ಶಾನ್‌ಶಿ ಪ್ರಾಂತ್ಯಗಳ ದೊಡ್ಡ ಮ್ಯೂಸಿಯಂಗಳಿಗೆ ಸೋಮವಾರ ರಜೆ. ದಿನ ಲೆಕ್ಕ ಹಾಕುವಾಗ ಮೊದಲು ನೋಡಬೇಕಾದ್ದು ಅದನ್ನೇ.

ಮೊದಲ ದಿನ: ಅನ್ಯಾಂಗ್

ಬೀಜಿಂಗ್‌ನಿಂದ ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಅನ್ಯಾಂಗ್ ಪೂರ್ವ ನಿಲ್ದಾಣ. ಊರಿನ ವಾಯವ್ಯಕ್ಕೆ, ಹುವಾನ್ ನದಿಯ ಎರಡೂ ದಂಡೆಯ ಮೇಲೆ ಶಾಂಗ್ ವಂಶದ ಕೊನೆಯ ರಾಜಧಾನಿ ಹರಡಿಕೊಂಡಿದೆ. ಇಂದಿನ ಹೆಸರು ಯಿನ್‌ಶು. 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸಂಜೆಯವರೆಗಿನ ಸಮಯದಲ್ಲಿ ಎಲ್ಲವನ್ನೂ ನೋಡಲು ಆಗದು. ಫು ಹಾವ್ ಸಮಾಧಿಗೆ ನೇರ ಹೋಗಿ, ಉಳಿದ ಹೊತ್ತನ್ನು 2024ರಲ್ಲಿ ತೆರೆದ ಹೊಸ ಮ್ಯೂಸಿಯಂಗೆ ಇಡುವುದು ಒಳ್ಳೆಯದು.

ಫು ಹಾವ್ ರಾಜ ವು ಡಿಂಗ್‌ನ ರಾಣಿಯರಲ್ಲಿ ಒಬ್ಬಳು, ಸೇನೆಯನ್ನೂ ನಡೆಸಿದವಳು. ಕಾಲ ಸುಮಾರು ಕ್ರಿ.ಪೂ. 1200. ಗುಂಡಿ ನೋಡಲು ಚಿಕ್ಕದು. 5.6 ಮೀಟರ್ ಉದ್ದ, 4 ಮೀಟರ್ ಅಗಲ, 7.5 ಮೀಟರ್ ಆಳ. ನದಿಯ ಆಚೆ ದಂಡೆಯ ರಾಜರ ಗೋರಿಗಳು ಇದರ ಎಷ್ಟೋ ಪಟ್ಟು ದೊಡ್ಡವು, ಆದರೆ ಅವೆಲ್ಲ ಹಿಂದೆಯೇ ಲೂಟಿಯಾದವು. ಇದು ರಾಜರ ರುದ್ರಭೂಮಿಯಿಂದ ದೂರ, ಅರಮನೆಯ ವಠಾರದಲ್ಲೇ, ದಿಮ್ಮಸು ಬಡಿದ ಒಂದು ಕಟ್ಟಡದ ಅಡಿಪಾಯದ ಕೆಳಗೆ ಇದ್ದದ್ದರಿಂದ ಕಳ್ಳರ ಕಣ್ಣಿಗೆ ಬೀಳಲಿಲ್ಲ. 1976ರಲ್ಲಿ ಪುರಾತತ್ವಜ್ಞೆ ಝೆಂಗ್ ಝೆನ್‌ಶಿಯಾಂಗ್ ಅವರ ತಂಡ ತೆಗೆದಾಗ ಸಿಕ್ಕ ವಸ್ತುಗಳು 1,928. ಅದರಲ್ಲಿ ಕಂಚಿನವು 468, ಜೇಡ್ ಕಲ್ಲಿನವು 755. ಕಂಚಿನ ತೂಕವೇ ಒಂದೂವರೆ ಟನ್ನಿಗೂ ಮೇಲೆ. ಜೊತೆಗೆ ಆರು ಸಾವಿರಕ್ಕೂ ಹೆಚ್ಚು ಕವಡೆ, 16 ಮನುಷ್ಯರು, 6 ನಾಯಿಗಳು. ತಳ ಅಂತರ್ಜಲದ ಮಟ್ಟಕ್ಕಿಂತ ಕೆಳಗಿದ್ದದ್ದರಿಂದ ರಾಣಿಯ ಶವವಾಗಲಿ ಪೆಟ್ಟಿಗೆಯಾಗಲಿ ಉಳಿಯಲಿಲ್ಲ.

ಈಗ ಗುಂಡಿಯೊಳಗೆ ಇಟ್ಟಿರುವುದು ಪ್ರತಿಕೃತಿ. ಮೂಲ ವಸ್ತುಗಳು ಬೀಜಿಂಗ್‌ನ ರಾಷ್ಟ್ರೀಯ ಮ್ಯೂಸಿಯಂ ಮತ್ತು ಝೆಂಗ್‌ಝೌನ ಹೆನಾನ್ ಮ್ಯೂಸಿಯಂ ಸೇರಿ ಹಲವೆಡೆ ಹಂಚಿಹೋಗಿವೆ. ಬೀಜಿಂಗ್‌ನಲ್ಲಿ ಒಂದು ದಿನ ಇದ್ದರೆ ಗೂಬೆಯ ಆಕಾರದ ಮದ್ಯಪಾತ್ರೆಯನ್ನು ಅಲ್ಲೇ ನೋಡಿಕೊಂಡು ಬನ್ನಿ.

ಪಾತ್ರೆಗಳಲ್ಲಿ ಗಮನಿಸಬೇಕಾದದ್ದು ಅವುಗಳ ಕೆಲಸ. ಬಹಳಷ್ಟು ಮದ್ಯದವು: ಮೂರು ಕಾಲಿನ ಜ್ಯುಯೆ ಬಿಸಿ ಮಾಡಿ ಸುರಿಯಲು, ತುತ್ತೂರಿಯಂತೆ ಬಾಯಿ ಅರಳಿದ ಗೂ ಕುಡಿಯಲು. ಮಾಂಸ ಬೇಯಿಸಲು ಡಿಂಗ್, ಧಾನ್ಯಕ್ಕೆ ಗುಯಿ. ಬರಗು, ನವಣೆಯಂಥ ಕಿರುಧಾನ್ಯದಿಂದ ಮಾಡಿದ ಮದ್ಯವನ್ನೂ ಮಾಂಸವನ್ನೂ ಹಿರಿಯರಿಗೆ ಎಡೆ ಇಡುತ್ತಿದ್ದ ಪಾತ್ರೆಗಳು ಇವು. ಸತ್ತ ರಾಣಿ ತಾನೂ ಹಿರಿಯಳಾದಳು. ತನಗಿಂತ ಹಿರಿಯರಿಗೆ ಆಕೆ ಅಲ್ಲಿಯೂ ಎಡೆ ಇಡಬೇಕು. ಆದ್ದರಿಂದಲೇ ಪಾತ್ರೆಗಳು ಅಸಲಿ, ಬಳಸುವಂಥವು. ನೂರಕ್ಕೂ ಹೆಚ್ಚು ಪಾತ್ರೆಗಳ ಮೇಲೆ ಆಕೆಯ ಹೆಸರಿದೆ.

ಎರಕದ ಕ್ರಮವನ್ನು ಪಾತ್ರೆಯ ಮೈಯಲ್ಲೇ ಓದಬಹುದು. ಮೊದಲು ಮಣ್ಣಿನಲ್ಲಿ ಪಾತ್ರೆಯ ಮಾದರಿ. ಅದರ ಮೇಲೆ ಹಸಿ ಮಣ್ಣು ಒತ್ತಿ, ಅರೆ ಒಣಗಿದಾಗ ಕತ್ತರಿಸಿ ತುಂಡು ತುಂಡಾಗಿ ಬಿಡಿಸಿದರೆ ಹೊರ ಅಚ್ಚು. ಮಾದರಿಯನ್ನೇ ಬೇಕಾದ ದಪ್ಪದಷ್ಟು ಹೆರೆದರೆ ಒಳತಿರುಳು. ಎರಡನ್ನೂ ಸುಟ್ಟು, ನಡುವೆ ಸಣ್ಣ ಕಂಚಿನ ತುಣುಕು ಸಿಕ್ಕಿಸಿ ಅಂತರ ಕಾಯ್ದುಕೊಂಡು, ತಲೆಕೆಳಗಾಗಿ ನಿಲ್ಲಿಸಿ ಕರಗಿದ ಕಂಚು ಸುರಿಯುವುದು. ಅಚ್ಚಿನ ತುಂಡುಗಳು ಕೂದಲೆಳೆಯಷ್ಟು ಜರುಗಿದರೂ ಕೂಡುಗೆರೆಯಲ್ಲಿ ಏಣು ಏಳುತ್ತದೆ. ತಿರುಳು ಜರುಗಿದರೆ ಒಂದು ಕಡೆ ಗೋಡೆ ತೆಳ್ಳಗಾಗಿ ತೂತು. ಅಚ್ಚಿನಲ್ಲಿ ತೇವ ಉಳಿದರೆ ಆವಿಯಾಗಿ ಗುಳ್ಳೆ. ಪಾತ್ರೆಯ ಮೂಲೆಗಳಲ್ಲಿ ಉದ್ದಕ್ಕೆ ನಿಂತ ಅಲಂಕಾರದ ಏಣುಗಳು ಆ ಕೂಡುಗೆರೆಯ ಮೇಲೆಯೇ ಇವೆ. ದೋಷ ಬರುವ ಜಾಗವನ್ನೇ ಅಲಂಕಾರದ ಜಾಗ ಮಾಡಿಕೊಂಡ ಆ ಕುಶಲಿಗಳ ಜಾಣತನ ಮೆಚ್ಚುವಂಥದ್ದು.

ಸಂಜೆಯ ರೈಲಿಗೆ ಶಿಯಾನ್ ಉತ್ತರ.

ಎರಡನೇ ದಿನ: ಲಿಂಟಾಂಗ್

ಮಣ್ಣಿನ ಸೈನಿಕರ ಗುಂಡಿಗಳಿಗೆ ಹೋಗಲು ಶಿಯಾನ್‌ನ ಮೆಟ್ರೊ 9ನೇ ಮಾರ್ಗದಲ್ಲಿ ಹುವಾಚಿಂಗ್‌ಚಿ ನಿಲ್ದಾಣಕ್ಕೆ ಬಂದು ಅಲ್ಲಿಂದ ಸಿಟಿ ಬಸ್ಸು ಹಿಡಿದರೆ ಸಾಕು. ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಬೇಕು. ಹತ್ತು ಗಂಟೆಯ ನಂತರ 1ನೇ ಗುಂಡಿಯ ಮುಂದಿನ ಕಟಕಟೆಯ ಬಳಿ ಕಾಲಿಡಲು ಜಾಗ ಸಿಗದು. ಮೊದಲು 1, ಆಮೇಲೆ 3, ಕೊನೆಗೆ 2 ನೋಡುವುದು ನಮ್ಮ ಸಲಹೆ.

1974ರ ಮಾರ್ಚ್‌ನಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಮೊದಲು ಸಿಕ್ಕಿದ್ದು ಈ 1ನೇ ಗುಂಡಿ. 230 ಮೀಟರ್ ಉದ್ದ, 62 ಮೀಟರ್ ಅಗಲ, ಸುಮಾರು 5 ಮೀಟರ್ ಆಳ. ಒಳಗೆ ಆರು ಸಾವಿರದಷ್ಟು ಮೂರ್ತಿಗಳಿವೆಯೆಂದು ಅಂದಾಜು. ಆದರೆ ಒಂದೂ ಇಡಿಯಾಗಿ ನಿಂತು ಸಿಗಲಿಲ್ಲ ಎನ್ನುವಷ್ಟು ಒಡೆದಿದ್ದವು. ಕಾರಣ ಗುಂಡಿಯ ರಚನೆಯಲ್ಲೇ ಇದೆ. ಬಡಿದ ಮಣ್ಣಿನ ದಪ್ಪ ಗೋಡೆಗಳ ನಡುವೆ ಇಟ್ಟಿಗೆ ಹಾಸಿದ ಓಣಿಗಳು, ಓಣಿಯ ಮೇಲೆ ಮರದ ತೊಲೆ, ತೊಲೆಯ ಮೇಲೆ ಚಾಪೆ, ಅದರ ಮೇಲೆ ಮಣ್ಣು. ಚಕ್ರವರ್ತಿ ಸತ್ತ ಕೆಲವೇ ವರ್ಷಗಳಲ್ಲಿ ಬೆಂಕಿ ಬಿದ್ದು ತೊಲೆಗಳು ಸುಟ್ಟವು, ಮೇಲಿನ ಮಣ್ಣೆಲ್ಲ ಮೂರ್ತಿಗಳ ಮೇಲೆ ಕುಸಿಯಿತು. ಗೋಡೆಗಳ ನೆತ್ತಿಯ ಮೇಲೆ ಅಲೆಯಲೆಯಾಗಿ ಕಾಣುವುದು ಆ ತೊಲೆಗಳು ಬಿಟ್ಟ ಅಚ್ಚು. ಮೂರ್ತಿಗಳನ್ನು ನೋಡುವ ಭರದಲ್ಲಿ ಇದನ್ನು ಯಾರೂ ನೋಡುವುದಿಲ್ಲ.

ಮೂರ್ತಿಯ ಕಾಲುಗಳು ಬಹುಮಟ್ಟಿಗೆ ಗಟ್ಟಿ, ಎದೆ ಹೊಟ್ಟೆ ಟೊಳ್ಳು. ಮಣ್ಣಿನ ಹುರಿಯನ್ನು ಸುತ್ತುಸುತ್ತಾಗಿ ಏರಿಸಿ ಮುಂಡ ಕಟ್ಟಿ, ಕೈಗಳನ್ನು ಬೇರೆ ಮಾಡಿ ಅಂಟಿಸುತ್ತಿದ್ದರು. ತಲೆಯನ್ನು ಅಚ್ಚಿನಲ್ಲಿ ಒತ್ತಿ ತೆಗೆದು, ಮೇಲೆ ತೆಳು ಮಣ್ಣು ಬಳಿದು ಕಿವಿ, ಮೀಸೆ, ಹುಬ್ಬುಗಳನ್ನು ಕೈಯಲ್ಲಿ ತಿದ್ದುತ್ತಿದ್ದರು. ಕೆಲವು ಮೂರ್ತಿಗಳ ಮೇಲೆ ಮಾಡಿದವನ ಹೆಸರಿನ ಮುದ್ರೆಯಿದೆ. ಅದು ಕಲಾವಿದನ ಸಹಿಯಲ್ಲ, ಕೆಲಸ ಕೆಟ್ಟರೆ ಯಾರನ್ನು ಹಿಡಿಯಬೇಕು ಎಂಬ ಸರ್ಕಾರಿ ಲೆಕ್ಕ.

ಬಣ್ಣದ ಕಥೆ ಇನ್ನೂ ಸಂಕಟದ್ದು. ಸುಟ್ಟ ಮಣ್ಣಿನ ಮೇಲೆ ಲ್ಯಾಕರ್ (ಮರದ ಹಾಲಿನ ಮೆರುಗು) ಬಳಿದು, ಅದರ ಮೇಲೆ ಇಂಗುಲಿಕದ ಕೆಂಪು, ಮೂಳೆಯ ಬಿಳಿ, ಮ್ಯಾಲಕೈಟ್ ಹಸಿರು, ಬೇರಿಯಂ-ತಾಮ್ರ-ಸಿಲಿಕೇಟ್‌ನ ನೇರಳೆ ಹಚ್ಚಿದ್ದರು. ಈ ನೇರಳೆ ಕೈಯಿಂದ ತಯಾರಿಸಿದ ಬಣ್ಣ, ಪ್ರಕೃತಿಯಿಂದ ಅಗೆದು ತಂದದ್ದಲ್ಲ. ಎರಡು ಸಾವಿರ ವರ್ಷ ತೇವದ ಮಣ್ಣಿನಲ್ಲಿದ್ದ ಲ್ಯಾಕರ್, ಒಣಗಾಳಿ ತಗುಲಿದ ಕೆಲವೇ ನಿಮಿಷಗಳಲ್ಲಿ ಸುರುಳಿಯಾಗಿ ಬಣ್ಣವನ್ನೂ ಕಿತ್ತುಕೊಂಡು ಉದುರುತ್ತದೆ. ಈಗ ಹೊಸದಾಗಿ ತೆಗೆಯುವಾಗ ತೇವ ಆರದಂತೆ ನೋಡಿಕೊಂಡು, ಪಾಲಿಎಥಿಲೀನ್ ಗ್ಲೈಕಾಲ್ ಹಾಕಿ ನೀರಿನ ಜಾಗವನ್ನು ಅದರಿಂದ ತುಂಬಿಸುತ್ತಾರೆ. ಅಗೆತ ಇಷ್ಟು ನಿಧಾನವಾಗಿರುವುದಕ್ಕೆ ಒಂದು ದೊಡ್ಡ ಕಾರಣ ಇದು. ಆಯುಧಗಳಿಗೆ ಕ್ರೋಮಿಯಂ ಲೇಪವಿತ್ತು ಎಂದು ಗೈಡ್‌ಗಳು ಈಗಲೂ ಹೇಳುತ್ತಾರೆ. ಆ ಕ್ರೋಮಿಯಂ ಪಕ್ಕದ ಲ್ಯಾಕರ್‌ನಿಂದ ಸೇರಿಕೊಂಡದ್ದು ಎಂದು 2019ರ ಅಧ್ಯಯನ ತೋರಿಸಿದೆ.

2ನೇ ಗುಂಡಿಯ ಮಂಡಿಯೂರಿದ ಬಿಲ್ಲುಗಾರನ ಮುಂದೆ ಹೆಚ್ಚು ಹೊತ್ತು ನಿಲ್ಲಿ. ಎತ್ತರ ಕಡಿಮೆಯಾದ್ದರಿಂದ ಕುಸಿತದಲ್ಲಿ ಹೆಚ್ಚು ಪೆಟ್ಟು ತಿನ್ನದ ಮೂರ್ತಿ ಇದು. ಹಿಂದಿನಿಂದ ಬಂದು ಅವನ ಬಲಗಾಲಿನ ಅಟ್ಟೆ ನೋಡಬೇಕು. ಹೊಲಿಗೆಯ ಚುಕ್ಕೆಗಳು ಬೆರಳಿನ ಕಡೆ ದಟ್ಟ, ನಡುವೆ ವಿರಳ, ಹಿಮ್ಮಡಿಯಲ್ಲಿ ಮತ್ತೆ ದಟ್ಟ. ಸವೆಯುವ ಕಡೆ ಹೆಚ್ಚು ಹೊಲಿಗೆ ಹಾಕುವ ಮೋಚಿಯ ಲೆಕ್ಕವನ್ನು, ಮಣ್ಣೊಳಗೆ ಯಾರೂ ನೋಡಲಾರದ ಅಟ್ಟೆಯ ಮೇಲೆ ಬಿಡದೆ ಗೀಚಿದ್ದಾರೆ.

ಮಧ್ಯಾಹ್ನ ಅದೇ ಟಿಕೆಟ್‌ನಲ್ಲಿ ಲಿಶಾನ್ ಉದ್ಯಾನಕ್ಕೆ. ದಿಬ್ಬದ ಕೆಳಗಿನ ಮೂಲ ಸಮಾಧಿಯನ್ನು ಇಂದಿಗೂ ತೆರೆದಿಲ್ಲ. ಪಾದರಸದ ನದಿಗಳಿವೆಯೆಂದು ಇತಿಹಾಸಕಾರ ಸಿಮಾ ಚಿಯಾನ್ ಬರೆದಿದ್ದ. ದಿಬ್ಬದ ಮಣ್ಣಿನಲ್ಲಿ ಪಾದರಸದ ಅಂಶ ಅಸಹಜವಾಗಿ ಹೆಚ್ಚಿರುವುದನ್ನು ಅಳತೆಗಳು ತೋರಿಸಿವೆ. 1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳು ಈಗ ಇಲ್ಲಿವೆ. ಅಸಲಿನ ಅರ್ಧ ಅಳತೆ, ದೊಡ್ಡದರ ತೂಕ 1,241 ಕಿಲೊ, ಮೂರು ಸಾವಿರಕ್ಕೂ ಹೆಚ್ಚು ಬಿಡಿಭಾಗ. ಕಿಟಕಿಯ ಹಲಗೆ ಜಾರುತ್ತದೆ, ಬಾಗಿಲು ತೆರೆಯುತ್ತದೆ. ಇನ್ನೊಂದು ಗುಂಡಿಯಲ್ಲಿ ಸುಣ್ಣಕಲ್ಲಿನ ಕವಚಗಳು ಸಿಕ್ಕವು. ಒಂದಕ್ಕೆ 600ಕ್ಕೂ ಹೆಚ್ಚು ಕಲ್ಲಿನ ತುಂಡು, ತೂಕ ಸುಮಾರು 18 ಕಿಲೊ. ಕತ್ತಿ ಏಟು ಬಿದ್ದರೆ ಸಿಡಿದುಹೋಗುವ ಇದನ್ನು ತೊಟ್ಟು ಯಾವ ಸೈನಿಕನೂ ಕಾದಲಾರ. ಇದು ಸತ್ತವರ ಲೋಕಕ್ಕೆಂದೇ ಮಾಡಿದ್ದು.

ಮೂರನೇ ದಿನ: ಹಾನ್ ಯಾಂಗ್‌ಲಿಂಗ್ ಮತ್ತು ತಾಂಗ್ ಕಾಲದ ಗೋಡೆಗಳು

ವಿಮಾನ ನಿಲ್ದಾಣದ ದಾರಿಯಲ್ಲಿರುವ ಯಾಂಗ್‌ಲಿಂಗ್‌ಗೆ ಪ್ರವಾಸಿಗರು ಕಡಿಮೆ. ನಮ್ಮ ಮಟ್ಟಿಗೆ ಶಿಯಾನ್‌ನ ಸುತ್ತ ಮೊದಲು ನೋಡಬೇಕಾದ ಸ್ಥಳ ಇದೇ. ಕ್ರಿ.ಪೂ. 141ರಲ್ಲಿ ಸತ್ತ ಹಾನ್ ಚಕ್ರವರ್ತಿ ಜಿಂಗ್‌ನ ಸಮಾಧಿ. ದಿಬ್ಬದ ಸುತ್ತ 80ಕ್ಕೂ ಹೆಚ್ಚು ಉದ್ದನೆಯ ಗುಂಡಿಗಳಿವೆ. ಕೆಲವನ್ನು ಇದ್ದಲ್ಲೇ ಬಿಟ್ಟು ಮೇಲೆ ನೆಲದಡಿಯ ಮ್ಯೂಸಿಯಂ ಕಟ್ಟಿದ್ದಾರೆ. ಬಾಗಿಲಲ್ಲಿ ಬೂಟಿಗೆ ಕವರ್ ಹಾಕಿಕೊಂಡು ಗಾಜಿನ ನೆಲದ ಮೇಲೆ ನಡೆಯಬೇಕು. ಬೆಳಕು ಬೇಕೆಂದೇ ಮಂದ, ಗುಂಡಿಯ ಕಡೆಯ ಗಾಳಿ ಬೇರೆ, ನಮ್ಮ ಕಡೆಯದು ಬೇರೆ. ತೇವ ಆರಿದರೆ ಮಣ್ಣಿನ ಗೋಡೆ ಬಿರಿಯುತ್ತದೆ, ಹೆಚ್ಚಾದರೆ ಬೂಸ್ಟು ಹಿಡಿಯುತ್ತದೆ.

ಇಲ್ಲಿನ ಗೊಂಬೆಗಳು ಸುಮಾರು 60 ಸೆಂಟಿಮೀಟರ್, ಆಳಿನ ಮೂರನೇ ಒಂದು ಪಾಲು. ಬೆತ್ತಲೆ, ಕೈಗಳಿಲ್ಲ. ಮೊದಲ ನೋಟಕ್ಕೆ ಗಾಬರಿ ಹುಟ್ಟಿಸುತ್ತವೆ. ಮಾಡುವಾಗ ಅವಕ್ಕೆ ಮರದ ಕೈಗಳಿದ್ದವು, ರೇಷ್ಮೆ ಮತ್ತು ನಾರಿನ ಬಟ್ಟೆಯಿತ್ತು. ಮರ, ಬಟ್ಟೆ ಎರಡೂ ಕೊಳೆತು ಮಣ್ಣು ಮಾತ್ರ ಉಳಿಯಿತು. ಭುಜದ ಬದಿಯಲ್ಲಿ ಗುಂಡನೆಯ ತೂತು ಕಾಣುತ್ತದಲ್ಲ, ಮರದ ಕೈಯ ಕೀಲು ಕೂರುತ್ತಿದ್ದದ್ದು ಅಲ್ಲಿ. ಗಂಡು, ಹೆಣ್ಣು, ನಪುಂಸಕ ಸೇವಕ ಎಂಬ ಭೇದವನ್ನೂ ಬಿಡದೆ ಮಾಡಿದ್ದಾರೆ. ಅವುಗಳ ಪಕ್ಕ ಸಾಲುಸಾಲು ಮಣ್ಣಿನ ಹಂದಿ, ಕುರಿ, ಮೇಕೆ, ನಾಯಿ, ದನ, ಕೋಳಿ. ಒಂದು ಗುಂಡಿಯ ಸಸ್ಯದ ಅವಶೇಷ ಚಹಾ ಎಲೆಯೆಂದು 2016ರಲ್ಲಿ ಪ್ರಕಟವಾಯಿತು. ಜಗತ್ತಿನಲ್ಲಿ ಸಿಕ್ಕ ಅತಿ ಹಳೆಯ ಚಹಾಗಳಲ್ಲಿ ಅದೊಂದು.

ಗುಂಡಿಗಳಲ್ಲಿ ಸರ್ಕಾರಿ ಕಚೇರಿಗಳ ಹೆಸರಿರುವ ಮುದ್ರೆಗಳೂ ಸಿಕ್ಕಿವೆ. ಒಂದೊಂದು ಗುಂಡಿ ಒಂದೊಂದು ಇಲಾಖೆ ಎಂದು ಅನೇಕ ವಿದ್ವಾಂಸರ ಅಭಿಪ್ರಾಯ. ಚಿನ್ ಚಕ್ರವರ್ತಿ ಸೈನ್ಯ ಒಯ್ದ. ಹಾನ್ ಚಕ್ರವರ್ತಿ ಅಡುಗೆಮನೆ, ಕೊಟ್ಟಿಗೆ, ಕಣಜ, ಕಚೇರಿ ಒಯ್ದ. ಮೂರ್ತಿ ಚಿಕ್ಕದಾಯಿತು, ಲೋಕ ದೊಡ್ಡದಾಯಿತು.

ಮಧ್ಯಾಹ್ನ ಶಾನ್‌ಶಿ ಇತಿಹಾಸ ಮ್ಯೂಸಿಯಂ. ತಾಂಗ್ ಕಾಲದ ಸಮಾಧಿಗಳಿಂದ ತೆಗೆದ ಗೋಡೆಚಿತ್ರಗಳ ಕೊಠಡಿಗೆ ಬೇರೆ ಟಿಕೆಟ್. ಅದು ಸಿಗದಿದ್ದರೆ ಈ ಅರ್ಧ ದಿನದ ಸಾರವೇ ಹೋದಂತೆ. ಕ್ರಿ.ಶ. 706ರಲ್ಲಿ ಮತ್ತೆ ಸಮಾಧಿ ಮಾಡಿದ ರಾಜಕುಮಾರರ ಗೋರಿಗಳಿಂದ ಬಂದ ಪೋಲೊ ಆಟ, ಬೇಟೆ, ವಿದೇಶಿ ದೂತರ ಚಿತ್ರಗಳು ಇಲ್ಲಿವೆ. ಕೆಳಗಿನ ಕೊಠಡಿಗಳಲ್ಲಿ ಹಸಿರು, ಕಂದುಹಳದಿ, ಬಿಳಿ ಹೊಳಪಿನ ಸಾನ್‌ಸಾಯ್ ಕುದುರೆ, ಒಂಟೆಗಳು. ಸೀಸ ಬೆರೆಸಿದ ಈ ಹೊಳಪು ಕಡಿಮೆ ಶಾಖಕ್ಕೇ ಕರಗಿ ಹರಿಯುತ್ತದೆ, ಬಣ್ಣಗಳು ಒಂದರೊಳಗೊಂದು ಇಳಿದಿರುವುದು ಅದರಿಂದ. ಊಟಕ್ಕೆ ಬಳಸಿದರೆ ವಿಷ, ಸಮಾಧಿಗೆ ಅಡ್ಡಿಯಿಲ್ಲ. ಬಾಗಿಲ ಬಳಿ ಇಡುತ್ತಿದ್ದ ಜೋಡಿ ಕಾವಲುಮೃಗಗಳ ಪಕ್ಕದಲ್ಲಿ ಕವಚ ತೊಟ್ಟು ರಾಕ್ಷಸನನ್ನೋ ಎತ್ತನ್ನೋ ತುಳಿದು ನಿಂತವರು ಲೋಕಪಾಲರು. ಭಾರತದಿಂದ ಬೌದ್ಧಧರ್ಮದ ಜೊತೆ ಹೋಗಿ, ದೇವಾಲಯದ ಬಾಗಿಲಿನಿಂದ ಗೋರಿಯ ಬಾಗಿಲಿಗೆ ಇಳಿದವರು ಇವರು.

ನಾಲ್ಕನೇ ದಿನ: ವುಹಾನ್ ದಾರಿಯಲ್ಲಿ

ಅರ್ಧ ದಿನ ರೈಲಿಗೆ ಹೋಗುತ್ತದೆ. ನೋಡಿದ್ದಕ್ಕೂ ನೋಡಲಿರುವುದಕ್ಕೂ ನಡುವಿನ ನಂಬಿಕೆಯನ್ನು ಇಲ್ಲಿ ಹೇಳಿಬಿಡುವುದು ವಾಸಿ.

ಹಾನ್ ಕಾಲದ ಹೊತ್ತಿಗೆ ಚೀನೀಯರು ಮನುಷ್ಯನಲ್ಲಿ ಎರಡು ಬಗೆಯ ಆತ್ಮ ಇವೆ ಎಂದು ಎಣಿಸುತ್ತಿದ್ದರು. ಹುನ್ ಹಗುರ, ಸತ್ತ ಮೇಲೆ ಮೇಲಕ್ಕೆ ಹೋಗುವಂಥದ್ದು. ಪೋ ಭಾರ, ದೇಹದ ಜೊತೆ ನೆಲದೊಳಗೆ ಉಳಿಯುವಂಥದ್ದು. ಈ ಹಂಚಿಕೆ ಎಲ್ಲ ಪ್ರದೇಶದಲ್ಲೂ ಒಂದೇ ರೀತಿ ಇರಲಿಲ್ಲ, ಗ್ರಂಥ ಹೇಳಿದ್ದನ್ನೇ ಗೋರಿ ಕಟ್ಟಿದವರು ಮಾಡಿದರು ಎಂದೂ ಅಲ್ಲ. ಆದರೂ ಉಸಿರು ನಿಂತ ಕೂಡಲೇ ಒಬ್ಬ ಸತ್ತವನ ಅಂಗಿ ಹಿಡಿದು ಮನೆಯ ಮಾಡು ಹತ್ತಿ, ಉತ್ತರಕ್ಕೆ ಮುಖ ಮಾಡಿ, ಮೂರು ಸಲ ಹೆಸರು ಕೂಗಿ ಕರೆಯುವ ವಿಧಿ ಇತ್ತು. ಮರಳಿ ಬಾರದಿದ್ದರೆ ಮಾತ್ರ ಅಂತ್ಯಕ್ರಿಯೆ ಶುರು.

ಗೋರಿಯ ವಸ್ತುಗಳ ವಿಷಯದಲ್ಲಿ ಕನ್‌ಫ್ಯೂಷಿಯಸ್‌ನ ಹೆಸರಿನಲ್ಲಿ ಉಳಿದಿರುವ ಮಾತು ಸೂಕ್ಷ್ಮವಾದದ್ದು. ಸತ್ತವರನ್ನು ಪೂರಾ ಸತ್ತವರೆಂದು ಕಂಡರೆ ಪ್ರೀತಿಯಿಲ್ಲ, ಪೂರಾ ಬದುಕಿರುವವರೆಂದು ಕಂಡರೆ ಬುದ್ಧಿಯಿಲ್ಲ. ಆದ್ದರಿಂದ ಬಿದಿರಿನ ವಸ್ತು ಬಳಕೆಗೆ ಬಾರದಂತಿರಲಿ, ತಂತಿವಾದ್ಯಕ್ಕೆ ತಂತಿ ಇರಲಿ ಆದರೆ ಶ್ರುತಿ ಬೇಡ, ಗಂಟೆ ಇರಲಿ ಆದರೆ ತೂಗುಹಾಕುವ ಚೌಕಟ್ಟು ಬೇಡ. ಇಂಥ ವಸ್ತುಗಳನ್ನು ಮಿಂಗ್‌ಚಿ ಎನ್ನುತ್ತಾರೆ. ಆದರೆ ಮನುಷ್ಯನನ್ನು ಹೋಲುವ ಗೊಂಬೆ ಮಾಡುವುದು ಆತನಿಗೆ ಸಹಿಸಲಿಲ್ಲ. ಹುಲ್ಲಿನ ಗೊಂಬೆ ಸಾಕಿತ್ತು, ಹೋಲಿಕೆ ಹೆಚ್ಚಿದಂತೆ ನಿಜವಾದ ಮನುಷ್ಯರನ್ನು ಹೂಳುವುದಕ್ಕೆ ಹತ್ತಿರವಾಗುತ್ತದೆ ಎಂಬ ಭಯ.

ಐದನೇ ದಿನ: ವುಹಾನ್

ಆ ಭಯ ಆಧಾರವಿಲ್ಲದ್ದಲ್ಲ ಎನ್ನುವುದು ಹುಬೇ ಪ್ರಾಂತೀಯ ಮ್ಯೂಸಿಯಂನಲ್ಲಿ ಗೊತ್ತಾಗುತ್ತದೆ. ಕನ್‌ಫ್ಯೂಷಿಯಸ್ ಸತ್ತು ಐವತ್ತು ವರ್ಷವೂ ಆಗಿರಲಿಲ್ಲ; ಜೆಂಗ್ ಎಂಬ ಚಿಕ್ಕ ಸೀಮೆಯ ಒಡೆಯ ಯಿ ಎಂಬವನ ಜೊತೆ 21 ಹೆಣ್ಣುಮಕ್ಕಳನ್ನು ಹೂಳಿದರು. ಎಂಟು ಮಂದಿ ಅವನ ಕೋಣೆಯಲ್ಲಿ ಒಂದು ನಾಯಿಯ ಜೊತೆ, ಹದಿಮೂರು ಮಂದಿ ಪಶ್ಚಿಮದ ಕೋಣೆಯಲ್ಲಿ. ಎಲ್ಲರಿಗೂ ಬಣ್ಣದ ಪೆಟ್ಟಿಗೆ. ಮ್ಯೂಸಿಯಂನಲ್ಲಿ ಜನ ಗಂಟೆಗಳ ಕಡೆಗೆ ಧಾವಿಸುತ್ತಾರೆ. ಮೊದಲು ಆ ಪೆಟ್ಟಿಗೆಗಳ ಮುಂದೆ ನಿಲ್ಲಬೇಕು.

ಸಮಾಧಿ ಸುಯಿಝೌ ಬಳಿಯ ಲೇಗುಡುನ್‌ನಲ್ಲಿ 1977ರಲ್ಲಿ ಪತ್ತೆಯಾಗಿ 1978ರಲ್ಲಿ ತೆರೆಯಿತು. ಚು ರಾಜ್ಯದ ದೊರೆ ಕೊಟ್ಟ ಒಂದು ಗಂಟೆಯ ಬರಹದಿಂದ ಕಾಲ ಕ್ರಿ.ಪೂ. 433 ಅಥವಾ ಸ್ವಲ್ಪ ನಂತರ ಎಂದು ಗೊತ್ತಾಯಿತು. ಒಳಗೆ ನೀರು ತುಂಬಿತ್ತು. ನೀರು ಹೊರಹಾಕಿದಾಗ 65 ಗಂಟೆಗಳ ಮೂರು ಸಾಲಿನ ಚೌಕಟ್ಟು ನಿಂತಲ್ಲೇ ನಿಂತಿತ್ತು. ಗಂಟೆಗಳ ತೂಕವೇ ಎರಡೂವರೆ ಟನ್. ಶ್ರುತಿಯೂ ಇದೆ, ಚೌಕಟ್ಟೂ ಇದೆ; ಗುರುವಿನ ಮಾತಿಗೆ ನೇರ ವಿರುದ್ಧ. ನಮ್ಮ ದೇವಸ್ಥಾನದ ಗಂಟೆ ದುಂಡಗಿರುವುದರಿಂದ ಬಹಳ ಹೊತ್ತು ಗುಂಯ್‌ಗುಡುತ್ತದೆ. ಇವುಗಳ ಅಡ್ಡಕೊಯ್ತ ಬಾದಾಮಿಯಾಕಾರ. ನಾದ ಬೇಗ ಅಡಗುತ್ತದೆ, ಮುಂದಿನ ಸ್ವರಕ್ಕೆ ಅಡ್ಡಿ ಬರುವುದಿಲ್ಲ. ನಡುವೆ ಹೊಡೆದರೆ ಒಂದು ಸ್ವರ, ಬದಿಗೆ ಹೊಡೆದರೆ ಇನ್ನೊಂದು. ಎಲ್ಲಿ ಹೊಡೆದರೆ ಯಾವ ಸ್ವರ ಎಂಬುದನ್ನು ಗಂಟೆಯ ಮೇಲೆಯೇ ಬರೆದಿದ್ದಾರೆ. ಪ್ರತಿಕೃತಿ ಗಂಟೆಗಳ ಕಛೇರಿ ನಡೆಯುತ್ತದೆ, ಟಿಕೆಟ್ ಬೇರೆ. ಸಮಯ ನೋಡಿಕೊಂಡು ಕೇಳಿಯೇ ಬನ್ನಿ.

ಒಡೆಯನ ಒಳಪೆಟ್ಟಿಗೆಯ ಬದಿಗೆ ಕಿಟಕಿ ಬಾಗಿಲುಗಳ ಚಿತ್ರ, ಅವುಗಳ ಅಕ್ಕಪಕ್ಕ ಕೊಂಬಿನ ಕಾವಲುಗಾರರು. ಕಂಚಿನ ಚೌಕಟ್ಟಿನ ಹೊರಪೆಟ್ಟಿಗೆಯ ಒಂದು ಕಡೆ ಚೌಕಾಕಾರದ ಕಿಂಡಿ. ನಾಲ್ಕು ಕೋಣೆಗಳ ನಡುವಿನ ಮರದ ಗೋಡೆಗಳಲ್ಲೂ ನೆಲಮಟ್ಟದಲ್ಲಿ ಸಣ್ಣ ತೂತುಗಳು. ಆತ್ಮ ಓಡಾಡಲಿ ಎಂದೇ ಇಟ್ಟದ್ದು ಎಂಬ ವಿವರಣೆ ಬಿಟ್ಟರೆ ಬೇರೆ ಯಾವುದೂ ಸರಿಹೊಂದುವುದಿಲ್ಲ.

ನಮ್ಮ ಓದುಗರು ತಪ್ಪಿಸಬಾರದ ಇನ್ನೊಂದು ವಸ್ತು, ಬಟ್ಟೆ ಇಡುವ ಲ್ಯಾಕರ್ ಪೆಟ್ಟಿಗೆ. ಅದರ ಗುಬುಟಾದ ಮುಚ್ಚಳದ ಮೇಲೆ ಸಪ್ತರ್ಷಿ ಮಂಡಲವನ್ನು ಸೂಚಿಸುವ ದೊಡ್ಡ ಅಕ್ಷರ, ಸುತ್ತ 28 ಚಾಂದ್ರ ಮನೆಗಳ ಹೆಸರು, ಒಂದು ಕಡೆ ಡ್ರ್ಯಾಗನ್, ಇನ್ನೊಂದು ಕಡೆ ಹುಲಿ. ಚಂದ್ರನ ದಾರಿಯನ್ನು ಹೀಗೆ ಭಾಗ ಮಾಡುವುದು ನಮ್ಮ ನಕ್ಷತ್ರಗಳ ಲೆಕ್ಕದಲ್ಲೂ ಇದೆ. ಅಭಿಜಿತ್ ಸೇರಿಸಿದರೆ ನಮ್ಮಲ್ಲೂ 28. ಎರಡಕ್ಕೂ ಏನು ಸಂಬಂಧ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಆ ಹೆಸರುಗಳ ಪೂರ್ಣ ಪಟ್ಟಿಗೆ ಚೀನಾದಲ್ಲಿ ಸಿಕ್ಕ ಅತಿ ಹಳೆಯ ಸಾಕ್ಷಿ ಇದು.

ಇಲ್ಲಿ ಲ್ಯಾಕರ್ ಎಂದರೆ ಮರದ ಹಾಲು. ಚನ್ನಪಟ್ಟಣದ ಗೊಂಬೆಗೆ ಹಚ್ಚುವ ಅರಗು ಕೀಟದ್ದು, ಬಿಸಿಗೆ ಕರಗುವಂಥದ್ದು. ಇದಾದರೆ ತೇವದ ಗಾಳಿಯಲ್ಲಿ ಗಟ್ಟಿಯಾಗುವ ದ್ರವ. ತೆಳುವಾಗಿ ಒಂದು ಪದರ ಹಚ್ಚಿ ಅದು ಕೂತ ಮೇಲೆ ಇನ್ನೊಂದು. ಒಮ್ಮೆ ಕೂತರೆ ನೀರಿಗೂ ಹುಳಿಗೂ ಜಗ್ಗದು. ನೀರಲ್ಲಿ ನೆನೆದ ಮರದ ಪಾತ್ರೆಯನ್ನು ಹಾಗೇ ಒಣಗಲು ಬಿಟ್ಟರೆ ಮಾತ್ರ ಒಳಗಿನ ಮರ ಕುಗ್ಗಿ ಮೇಲಿನ ಪದರ ಸುಕ್ಕುಗಟ್ಟುತ್ತದೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ರಾಸಾಯನಿಕದಲ್ಲಿಟ್ಟು ನಿಧಾನವಾಗಿ ನೀರು ತೆಗೆಯುತ್ತಾರೆ.

ಸಂಜೆ ರೈಲಿನಲ್ಲಿ ಒಂದೂವರೆ ಗಂಟೆಯ ಪಯಣ, ಚಾಂಗ್ಶಾ ದಕ್ಷಿಣ.

ಆರನೇ ದಿನ: ಚಾಂಗ್ಶಾ

ಇಡೀ ದಿನವನ್ನು ಹುನಾನ್ ಮ್ಯೂಸಿಯಂಗೇ ಕೊಡಿ. ಮಾವಾಂಗ್‌ದುಯಿಯ ಮೂರು ಸಮಾಧಿಗಳನ್ನು 1972ರಿಂದ 1974ರವರೆಗೆ ತೆಗೆದರು. 2ನೆಯದು ಚಾಂಗ್ಶಾ ರಾಜ್ಯದ ಮಂತ್ರಿ, ದಾಯ್ ಸೀಮೆಯ ಒಡೆಯ ಲಿ ಚಾಂಗ್‌ನದು, 1ನೆಯದು ಹೆಂಡತಿ ಶಿನ್ ಝುಯಿಯದು, 3ನೆಯದು ಮಗನದು. ಮೂರೂ ಅಕ್ಕಪಕ್ಕ, ಒಂದೇ ಮನೆತನ, ಒಂದೇ ಕಾಲ. ಶವ ಉಳಿದದ್ದು ಹೆಂಡತಿಯದು ಮಾತ್ರ. ಏಕೆ ಎಂಬುದಕ್ಕೆ ಉತ್ತರ ಮಣ್ಣಿನಲ್ಲಿದೆ.

1ನೇ ಸಮಾಧಿ ಮೆಟ್ಟಿಲುಮೆಟ್ಟಿಲಾಗಿ ಇಳಿಯುವ 16 ಮೀಟರ್ ಆಳದ ಗುಂಡಿ. ತಳದಲ್ಲಿ ಸುಮಾರು 70 ದಪ್ಪ ಹಲಗೆಗಳನ್ನು ಮೊಳೆಯಿಲ್ಲದೆ ಕಚ್ಚು ಜೋಡಿಸಿ ಮಾಡಿದ ಮರದ ಮನೆ. ನಡುವೆ ಒಂದರೊಳಗೊಂದು ನಾಲ್ಕು ಪೆಟ್ಟಿಗೆ, ಸುತ್ತ ನಾಲ್ಕು ಉಗ್ರಾಣ. ಮರದ ಮನೆಯ ಸುತ್ತ ಐದು ಟನ್ನಿನಷ್ಟು ಇದ್ದಿಲು, 30–40 ಸೆಂಟಿಮೀಟರ್ ದಪ್ಪಕ್ಕೆ. ಅದರ ಹೊರಗೆ ಒಂದು ಮೀಟರ್‌ಗೂ ಹೆಚ್ಚು ದಪ್ಪದ ಬಿಳಿ ಜೇಡಿಮಣ್ಣು, ಆಮೇಲೆ ದಿಮ್ಮಸು ಬಡಿದ ಮಣ್ಣು. ಇದ್ದಿಲು ತೇವ ಹೀರಿತು, ಜೇಡಿ ಗಾಳಿ ನೀರು ಎರಡನ್ನೂ ತಡೆಯಿತು. ಒಳಗಿದ್ದ ಅಷ್ಟಿಷ್ಟು ಆಮ್ಲಜನಕ ಕೊಳೆಯುವುದರಲ್ಲೇ ಖರ್ಚಾಗಿ ಮುಂದಿನ ಕೊಳೆತ ನಿಂತಿತು. ಮಗನ ಗೋರಿಯಲ್ಲಿ ಜೇಡಿ ಇಷ್ಟು ದಪ್ಪವಾಗಿ, ಸಮನಾಗಿ ಬೀಳಲಿಲ್ಲ. ಅಲ್ಲಿ ಮೂಳೆ ಉಳಿಯಿತು, ಶವ ಉಳಿಯಲಿಲ್ಲ. ಗಂಡನದು ಲೂಟಿಯಾಗಿತ್ತು.

ಶಿನ್ ಝುಯಿಗೆ ಸುಮಾರು 50 ವರ್ಷ, ಎತ್ತರ 154 ಸೆಂಟಿಮೀಟರ್. 20 ಪದರ ಬಟ್ಟೆ ಸುತ್ತಿ ಒಂಬತ್ತು ಕಡೆ ಪಟ್ಟಿ ಬಿಗಿದಿದ್ದರು. ತೆರೆದಾಗ ಚರ್ಮ ಮೆತ್ತಗಿತ್ತು, ಕೀಲುಗಳು ಬಾಗುತ್ತಿದ್ದವು. ಹೃದಯದ ರಕ್ತನಾಳದ ರೋಗ, ಪಿತ್ತಕೋಶದ ಕಲ್ಲು, ಜೀರ್ಣಾಂಗದಲ್ಲಿ 138 ಕರ್ಬೂಜದ ಬೀಜ ಸಿಕ್ಕವು. ಅಂದರೆ ಸತ್ತದ್ದು ಹಣ್ಣಿನ ಕಾಲದಲ್ಲಿ, ಹಣ್ಣು ತಿಂದ ಕೆಲವೇ ಗಂಟೆಯಲ್ಲಿ. ಕೆಳಗಿನ ಅಂತಸ್ತಿನಲ್ಲಿ ಗಾಜಿನಡಿ ಆಕೆಯನ್ನು ಮಲಗಿಸಿದ್ದಾರೆ. ಅಲ್ಲಿ ಫೋಟೊ ತೆಗೆಯುವ ಆತುರ ಬೇಡ. ಒಬ್ಬ ಹೆಂಗಸಿನ ದೇಹ ಅದು.

ಪೆಟ್ಟಿಗೆಗಳು ಹೊರಗಿನಿಂದ ಒಳಕ್ಕೆ: ಮೊದಲನೆಯದು ಬರೀ ಕಪ್ಪು. ಎರಡನೆಯದು ಕಪ್ಪಿನ ಮೇಲೆ ಸುರುಳಿ ಮೋಡಗಳು, ಮೋಡಗಳ ನಡುವೆ ಹಾವು ಹಿಡಿಯುವ, ವಾದ್ಯ ನುಡಿಸುವ ವಿಚಿತ್ರ ಜೀವಿಗಳು. ಮೂರನೆಯದು ಕೆಂಪು, ಅದರ ಮೇಲೆ ಡ್ರ್ಯಾಗನ್, ಜಿಂಕೆ, ಹುಲಿ, ಮೂರು ಶಿಖರದ ಪರ್ವತ. ನಾಲ್ಕನೆಯದಕ್ಕೆ ಹೊರಮೈಯಲ್ಲಿ ಗರಿ ಮತ್ತು ಕಸೂತಿಯ ರೇಷ್ಮೆ. ಎರಡನೇ ಪೆಟ್ಟಿಗೆಯ ಕಾಲಕಡೆಯ ಹಲಗೆಯಲ್ಲ, ತಲೆಕಡೆಯದರ ಕೆಳ ಅಂಚನ್ನು ಬಗ್ಗಿ ನೋಡಿ. ಅಲ್ಲಿ ಅರ್ಧ ದೇಹ ಮಾತ್ರ ಕಾಣುವ ಪುಟ್ಟ ಹೆಂಗಸೊಬ್ಬಳು ಆ ಲೋಕದೊಳಗೆ ಆಗಷ್ಟೇ ಪ್ರವೇಶಿಸುತ್ತಿದ್ದಾಳೆ. ಅದು ಶಿನ್ ಝುಯಿಯೇ ಎನ್ನುವುದು ಮನವೊಪ್ಪುವ ಮಾತು.

ಒಳಪೆಟ್ಟಿಗೆಯ ಮುಚ್ಚಳದ ಮೇಲೆ ಚಿತ್ರದ ಬದಿ ಕೆಳಗಾಗಿ ಹೊದಿಸಿದ್ದ ಟಿ ಆಕಾರದ ರೇಷ್ಮೆಪಟ 205 ಸೆಂಟಿಮೀಟರ್ ಉದ್ದ. ಅದನ್ನು ಕೆಳಗಿನಿಂದ ಓದಬೇಕು. ಮೀನುಗಳ ಮೇಲೆ ನಿಂತ ದಢೂತಿ ಜೀವಿಯೊಂದು ನೆಲದ ಹಲಗೆ ಹೊತ್ತಿದೆ. ಅದರ ಮೇಲೆ ಪಾತ್ರೆಗಳನ್ನಿಟ್ಟು ಕೂತ ಗಂಡಸರು, ಅದು ಸತ್ತವಳಿಗೆ ಎಡೆ ಇಡುವ ದೃಶ್ಯ. ಎರಡು ಡ್ರ್ಯಾಗನ್‌ಗಳು ಒಂದು ಜೇಡ್ ಬಿಲ್ಲೆಯ ತೂತಿನೊಳಗೆ ಹಾದು ಹೆಣೆದುಕೊಂಡಿವೆ. ಅದರ ಮೇಲೆ ಕೋಲೂರಿ, ಸ್ವಲ್ಪ ಬಾಗಿ ನಿಂತ ಮುದುಕಿ. ಹಿಂದೆ ಮೂವರು ದಾಸಿಯರು, ಮುಂದೆ ಮಂಡಿಯೂರಿದ ಇಬ್ಬರು. ಆಮೇಲೆ ಇಬ್ಬರು ದ್ವಾರಪಾಲಕರ ಬಾಗಿಲು. ಅದರಾಚೆ ಆಕಾಶ: ಬಲಕ್ಕೆ ಕೆಂಪು ಸೂರ್ಯನೊಳಗೆ ಕಾಗೆ, ಎಡಕ್ಕೆ ಬಾಗುಚಂದ್ರನ ಮೇಲೆ ಕಪ್ಪೆ ಮತ್ತು ಮೊಲ. ಇದು ಆತ್ಮದ ಆರೋಹಣವೋ, ಆತ್ಮವನ್ನು ದೇಹದ ಬಳಿಗೆ ಕರೆಯುವ ಪಟವೋ ಎಂಬಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಚಿತ್ರದ ನಡುವೆ ಆ ಮುದುಕಿ ಎಷ್ಟು ಅವಳಂತೆಯೇ ಇದ್ದಾಳೆ ನೋಡಿ. ಶವದ ಜೊತೆ ಇಟ್ಟ ಕೋಲೂ ಸಿಕ್ಕಿದೆ.

ಉತ್ತರದ ಉಗ್ರಾಣವನ್ನು ಪಡಸಾಲೆಯಂತೆ ಸಜ್ಜುಗೊಳಿಸಿದ್ದರು. ಗೋಡೆಗೆ ರೇಷ್ಮೆ ಪರದೆ, ನೆಲಕ್ಕೆ ಚಾಪೆ, ಮುಂದೆ ಊಟದ ತಟ್ಟೆ, ಎದುರಿಗೆ ಮರದ ನರ್ತಕಿಯರು, ವಾದ್ಯದವರು. ಕೂರುವ ಜಾಗ ಮಾತ್ರ ಖಾಲಿ, ಅದು ಆಕೆಯದು. ಲ್ಯಾಕರ್ ತಟ್ಟೆಗಳ ಮೇಲೆ ‘ಊಟ ಮಾಡಿ’, ಬಟ್ಟಲುಗಳ ಮೇಲೆ ‘ಮದ್ಯ ಸ್ವೀಕರಿಸಿ’ ಎಂದು ಬರೆದಿದೆ. ಆಹಾರ ಅಸಲಿ: ಅಕ್ಕಿ, ಗೋಧಿ, ಮೊಟ್ಟೆ, ಮೀನು, ಜಿಂಕೆ, ಕೋಳಿ. ಒಂದು ಪಾತ್ರೆಯ ನೀರಿನಲ್ಲಿ ತಾವರೆ ಗೆಡ್ಡೆಯ ಬಿಲ್ಲೆಗಳು ಹಾಗೇ ತೇಲುತ್ತಿದ್ದವು. ಎತ್ತಿ ಸಾಗಿಸುವಷ್ಟರಲ್ಲಿ ಅಲುಗಾಟಕ್ಕೆ ಕರಗಿಹೋದವು, ಫೋಟೊ ಮಾತ್ರ ಉಳಿಯಿತು. 49 ಗ್ರಾಂ ತೂಕದ ರೇಷ್ಮೆ ನಿಲುವಂಗಿಯ ಮುಂದೆ ಸಾಲು ಯಾವಾಗಲೂ ಉದ್ದ. ಬೆಳಕಿಗೆ ರೇಷ್ಮೆ ಬೇಗ ಕೆಡುವುದರಿಂದ ಒಮ್ಮೊಮ್ಮೆ ಪ್ರತಿಕೃತಿ ಇಟ್ಟಿರುತ್ತಾರೆ, ಫಲಕ ಓದಿಕೊಳ್ಳಿ.

ನಮಗೆ ಈ ಎಲ್ಲಕ್ಕಿಂತ ದೊಡ್ಡದು 3ನೇ ಸಮಾಧಿಯ ಒಂದು ಮರದ ಹಲಗೆ. ಕ್ರಿ.ಪೂ. 168ರ ತಾರೀಖು ಹಾಕಿ, ಮನೆಯ ಕಾರುಬಾರಿ ಫೆನ್ ಎಂಬವನು ಪಾತಾಳದ ಅಧಿಕಾರಿಗೆ ಬರೆದ ಪತ್ರ ಅದು. ಸತ್ತವನ ಜೊತೆ ಕಳಿಸುತ್ತಿರುವ ವಸ್ತುಗಳ ಪಟ್ಟಿ ಇದರೊಂದಿಗಿದೆ, ತಲುಪಿದ ಕೂಡಲೇ ನಿಮ್ಮ ಮೇಲಧಿಕಾರಿಗೆ ಒಪ್ಪಿಸಿ ಎಂಬ ಒಕ್ಕಣೆ. ತಾಯಿಯ ಗೋರಿಯಲ್ಲೂ 312 ಬಿದಿರ ಪಟ್ಟಿಗಳ ಸಾಮಾನುಪಟ್ಟಿ ಇತ್ತು. ಆ ಲೋಕದಲ್ಲೂ ಗುಮಾಸ್ತರಿದ್ದಾರೆ, ಠಸ್ಸೆ ಇದೆ, ರುಜು ಬೇಕು. ಮನೆಯವನನ್ನು ಅಲ್ಲಿ ಯಾರೂ ಅನಾಥನೆಂದು ಬಗೆಯದಿರಲಿ ಎಂಬ ಕಾಳಜಿ ಅದರ ಒಂದೊಂದು ಗೀಟಿನಲ್ಲೂ ಕಾಣುತ್ತದೆ.

ಏಳನೇ ದಿನ: ಗ್ವಾಂಗ್‌ಝೌ

ರೈಲಿನಲ್ಲಿ ಎರಡೂವರೆ ಗಂಟೆಯ ಪಯಣ. ನಗರದ ನಡುವಿನ ಶಿಯಾಂಗ್‌ಗಾಂಗ್ ಗುಡ್ಡವನ್ನು 1983ರಲ್ಲಿ ಕಟ್ಟಡಕ್ಕೆಂದು ತಗ್ಗಿಸುವಾಗ ನಾನ್‌ಯುಯೆ ರಾಜ್ಯದ ಎರಡನೇ ದೊರೆ ಝಾವ್ ಮೋನ ಕಲ್ಲಿನ ಸಮಾಧಿ ಸಿಕ್ಕಿತು. ಏಳು ಕೋಣೆ, ಇಂದಿಗೂ ಒಳಗೆ ಇಳಿದು ನೋಡಬಹುದು. ಬಾಗಿಲು ತಗ್ಗು, ತಲೆ ಜೋಪಾನ. ಇಲ್ಲೂ 15 ಮನುಷ್ಯರನ್ನು ಹೂಳಿದ್ದರು. ಶಿಯಾನ್‌ನಲ್ಲಿ ಗೊಂಬೆ ಸಾಕೆನಿಸಿದ ಕಾಲದಲ್ಲೇ ಈ ದಕ್ಷಿಣದ ಅರಮನೆಗೆ ಜೀವಂತ ಆಳುಗಳೇ ಬೇಕಾದರು.

ದೊರೆಯ ಮೈತುಂಬ 2,291 ಜೇಡ್ ತುಂಡುಗಳ ಉಡುಗೆ, ಕೆಂಪು ರೇಷ್ಮೆ ಎಳೆಯಿಂದ ಜೋಡಿಸಿದ್ದು. ಜೇಡ್‌ಗೆ ಲೋಹದ ಉಳಿ ತಾಗದು. ಗಟ್ಟಿ ಮರಳಿನ ಪುಡಿಯನ್ನು ನೀರಿನ ಜೊತೆ ಹಾಕಿ ಉಜ್ಜಿ ಉಜ್ಜಿ ಕೊಯ್ಯಬೇಕು, ಮೂಲೆಮೂಲೆಗೂ ತೂತು ಕೊರೆಯಬೇಕು. ಹೆಬೇ ಪ್ರಾಂತ್ಯದ ಮಾನ್‌ಚೆಂಗ್‌ನಲ್ಲಿ 1968ರಲ್ಲಿ ಸಿಕ್ಕ ಹಾನ್ ರಾಜಕುಮಾರ ಲಿಯು ಶೆಂಗ್‌ನ ಉಡುಗೆಯಲ್ಲಿ 2,498 ತುಂಡುಗಳು, ಹೊಲಿಯಲು ಸುಮಾರು 1,100 ಗ್ರಾಂ ಚಿನ್ನದ ತಂತಿ. ಮುಂದೆ ಚಿನ್ನ, ಬೆಳ್ಳಿ, ತಾಮ್ರ ಎಂದು ಅಂತಸ್ತಿಗೆ ತಕ್ಕ ತಂತಿ ನಿಗದಿಯಾಯಿತು. ಜೇಡ್ ದೇಹವನ್ನು ಕೊಳೆಯಲು ಬಿಡದು ಎಂಬ ನಂಬಿಕೆಯಿಂದ ನವರಂಧ್ರಗಳಿಗೂ ಜೇಡ್ ಬಿರಡೆ, ನಾಲಗೆಯ ಮೇಲೆ ಜೇಡ್ ಜೀರುಂಡೆ. ನೆಲದೊಳಗೆ ವರ್ಷಗಟ್ಟಲೆ ಇದ್ದು ಪೊರೆ ಕಳಚಿ ಹಾರುವ ಕೀಟ ಅದು. ಆದರೆ ಉಡುಗೆಯೊಳಗೆ ಸಿಕ್ಕದ್ದು ಮೂಳೆಯ ಚೂರು, ಹಲ್ಲು ಅಷ್ಟೇ. ಗಾಳಿಯೂ ತೇವವೂ ಸಲೀಸಾಗಿ ಒಳಬರುತ್ತಿದ್ದ ಕಲ್ಲಿನ ಕೋಣೆಯಲ್ಲಿ ಜೇಡ್ ಏನೂ ಮಾಡಲಾರದು. ಚಾಂಗ್ಶಾದ ಮುದುಕಿಗೆ ಇಂಥ ಉಡುಗೆ ಇರಲಿಲ್ಲ, ಜೇಡಿಮಣ್ಣಿತ್ತು. ಚಿನ್ನದ ಎಳೆಗಾಗಿ ಕಳ್ಳರು ಉಡುಗೆ ಸುಟ್ಟುಹಾಕುವುದು ಹೆಚ್ಚಾದ ಮೇಲೆ ಕ್ರಿ.ಶ. 222ರಲ್ಲಿ ವೇ ಚಕ್ರವರ್ತಿ ಚಾವ್ ಪಿ ಈ ಪದ್ಧತಿಯನ್ನೇ ನಿಲ್ಲಿಸಿದ.

ಮ್ಯೂಸಿಯಂನಲ್ಲಿ ಪರ್ಷಿಯಾದ ಶೈಲಿಯ ಬೆಳ್ಳಿ ಡಬ್ಬಿ, ಆಫ್ರಿಕಾದ ಆನೆದಂತ, ಧೂಪದ ಅಂಟು ಕೂಡ ಇವೆ. ದೊರೆಯ ‘ವೆನ್ ಚಕ್ರವರ್ತಿ’ ಎಂಬ ಬಂಗಾರದ ಮುದ್ರೆಯನ್ನು ಮರೆಯಬೇಡಿ. ಹಾನ್ ಚಕ್ರವರ್ತಿಗೆ ಸಾಮಂತನೆಂದು ತಲೆಬಾಗುತ್ತಿದ್ದವನು ಗೋರಿಯೊಳಗೆ ಚಕ್ರವರ್ತಿಯಾಗಿಯೇ ಹೋದ.

ಸಮಯ ಉಳಿದರೆ ಹಳೆಯ ಪೇಟೆಯ ಕಾಗದದ ಪೂಜಾಸಾಮಗ್ರಿ ಅಂಗಡಿಗಳ ಕಡೆ ಹೋಗಿ. ಏಪ್ರಿಲ್ ಮೊದಲ ವಾರದ ಚಿಂಗ್‌ಮಿಂಗ್ ಹಬ್ಬಕ್ಕೂ ಏಳನೇ ಚಾಂದ್ರಮಾಸದ ಹುಣ್ಣಿಮೆಗೂ ಸತ್ತವರಿಗೆಂದು ಸುಡುವ ಕಾಗದದ ಅಂಗಿ, ಮನೆ, ಕಾರು, ಮೊಬೈಲು, ಪರಲೋಕದ ನೋಟಿನ ಕಟ್ಟು ಅಲ್ಲಿ ಸಿಗುತ್ತವೆ. ಅಂಗಡಿಯವರನ್ನು ಕೇಳದೆ ಫೋಟೊ ತೆಗೆಯಬೇಡಿ, ನೆನಪಿಗೆಂದು ಕೊಂಡು ಚೀನೀ ಸ್ನೇಹಿತರಿಗೆ ಉಡುಗೊರೆಯಾಗಿ ಖಂಡಿತ ಕೊಡಬೇಡಿ. ಬದುಕಿರುವವರ ಕೈಗೆ ಇಡುವ ವಸ್ತು ಅದಲ್ಲ.

ಏಳು ದಿನ ಆಗದವರು ನಾಲ್ಕರಲ್ಲಿ ಮುಗಿಸಬಹುದು. ಅನ್ಯಾಂಗ್, ಗ್ವಾಂಗ್‌ಝೌ ಬಿಟ್ಟು ಶಿಯಾನ್‌ಗೆ ಎರಡು ದಿನ, ವುಹಾನ್‌ಗೆ ಒಂದು, ಚಾಂಗ್ಶಾಗೆ ಒಂದು. ಶಿಯಾನ್‌ನಿಂದ ವುಹಾನ್‌ಗೆ ಹಿಂದಿನ ದಿನ ಸಂಜೆಯೇ ರೈಲು ಹಿಡಿಯಿರಿ. ಇನ್ನೂ ಒಂದು ದಿನ ಕಡಿಮೆಯಾದರೆ ವುಹಾನ್ ಬಿಡಿ, ಚಾಂಗ್ಶಾ ಬಿಡಬೇಡಿ.